ಬೀಸುವ ಪದ ಮತ್ತು ಸಬ್‌ವೂಫರ್

ವಿರೂಪಾಕ್ಷಪ್ಪನ ಹಳೆಯ ಸ್ಟೀರಿಯೊದಲ್ಲಿ, ಜೋಡಿ ಕೆಟ್ಟ ಮೇಲೆ ಒಂಟಿಯಾಗಿ ಉಳಿದ ಸ್ಪೀಕರೊಂದಿತ್ತು. ಅದಕ್ಕೆ ಒಂದು ಕ್ಯಾಸೆಟ್ಟಿನ ಬಗ್ಗೆ ಬಹಳ ಹೆಮ್ಮೆ. ಅದರಲ್ಲಿ ವಿರೂಪಾಕ್ಷಪ್ಪನ ತೀರಿಹೋದ ಅವ್ವ ಜೋಳ ಬೀಸುತ್ತ ಹಾಡಿದ ಪದವಿತ್ತು. ಅಂದರೆ ಅವ್ವನ ದನಿಯೂ ಇತ್ತು, ಬೀಸುವ ಕಲ್ಲಿನ ಸದ್ದೂ ಇತ್ತು. ಆ ದನಿ ಉಳಿದಿದ್ದು ಅದೊಂದರಲ್ಲೇ.

ಒಂದು ದಿನ ಮನೆಗೆ ಸಬ್‌ವೂಫರ್ ಬಂತು. ಅದು ಮಂದ್ರದ ಸದ್ದನ್ನು ಮಾತ್ರ, ಅಂದರೆ ಕಿವಿಗಿಂತ ಮೊದಲು ಎದೆಗೆ ತಾಕುವ ಸದ್ದನ್ನು ಮಾತ್ರ ನುಡಿಸುವ ದೊಡ್ಡ ಡಬ್ಬ.

"ಕಲ್ಲಿನ ಭಾರ ಇನ್ನು ನನಗಿರಲಿ, ಅಣ್ಣ. ದನಿ ನಿನ್ನದು," ಎಂದಿತು ಅದು ವಿನಯದಿಂದ.

ಆದರೆ ಬಂದವರೆಲ್ಲ ಡಬ್ಬವನ್ನೇ ಹೊಗಳಿದರು. ಸ್ಪೀಕರಿಗೆ ಹೊಟ್ಟೆ ಉರಿಯಿತು.

"ನಾಳೆ ನಾನು ಬಾಯಿ ಬಿಡುವುದಿಲ್ಲ. ಆಗ ಇವರಿಗೆ ನನ್ನ ಬೆಲೆ ತಿಳಿಯುತ್ತದೆ."

"ಬೇಡ ಅಣ್ಣ, ಆ ಪದ ನನಗೆ ಬಾರದು," ಎಂದು ಸಬ್‌ವೂಫರ್ ಅಂಗಲಾಚಿತು.

ಮರುದಿನ ನೆಂಟರ ಮುಂದೆ ಕ್ಯಾಸೆಟ್ ಹಾಕಿದಾಗ ಸ್ಪೀಕರ್ ಸುಮ್ಮನಿತ್ತು. ಕಲ್ಲಷ್ಟೇ ಗುರುಗುಟ್ಟಿತು, ನೆಲ ನಡುಗಿತು.

"ಏನ್ ಸೌಂಡೋ ಮಾವ! ಎದಿಗೇ ಬಂದು ಬಡೀತೈತಿ," ಎಂದ ಭಾವಮೈದ ಚನ್ನವೀರ.

ವಿರೂಪಾಕ್ಷಪ್ಪ ಕಣ್ಣೊರೆಸಿಕೊಂಡ. "ಅವ್ವ ಇಲ್ಲೇ ಕುಂತು ಬೀಸಿದಂಗೈತಿ ನೋಡು."

ಪದವೆಲ್ಲಿ ಎಂದು ಯಾರೂ ಕೇಳಲಿಲ್ಲ. ಗಾಬರಿಗೊಂಡ ಸ್ಪೀಕರ್ ಹಾಡಲು ಬಾಯಿ ತೆರೆಯುವಷ್ಟರಲ್ಲಿ, "ಇದು ಕೆಟ್ಟಂಗೈತಿ, ಇನ್ಯಾಕ?" ಎಂದು ವಿರೂಪಾಕ್ಷಪ್ಪ ಅದರ ವೈರು ಕಿತ್ತ.

ಅಂದಿನಿಂದ ಆ ಮನೆಯಲ್ಲಿ ಅವ್ವ ಬೀಸುತ್ತಾಳೆ, ಹಾಡುವುದಿಲ್ಲ.