ಗೊರ್ ಎಂದದ್ದು ಯಾರು

ಲ್ಯಾನ್ಸಿಯ ಅಗ್ಗದ ಎಲೆಕ್ಟ್ರಿಕ್ ಗಿಟಾರಿಗೆ ಆ ಭಾನುವಾರ ಮನೆ ಬಿಡುವ ದಿನವಾಗಿತ್ತು. ನುಡಿಸಲು ವೈರ್ ಸಿಕ್ಕಿಸಿದಾಗಲೆಲ್ಲ ಆಂಪ್ಲಿಫೈಯರ್ ಗೊರ್ ಎನ್ನುತ್ತಿತ್ತು. ತಪ್ಪು ಗಿಟಾರಿನದೇ ಎಂದು ಲ್ಯಾನ್ಸಿ ಅದನ್ನು ಮಾರಲು ಹೊರಟಿದ್ದ.

ಆಂಪ್ಲಿಫೈಯರಿಗೂ ಗಿಟಾರಿಗೂ ನಡುವೆ, ಸ್ವರ ಬದಲಿಸಲು ಕಾಲಲ್ಲಿ ಒತ್ತುವ ದುಬಾರಿ ಪೆಡಲ್ ಒಂದು ಕುಳಿತಿತ್ತು. ಅದು ಹೇಳಿತು, "ಹೋಗಿ ಬಾರಯ್ಯ. ಅಗ್ಗದ ಮರಕ್ಕೆ ಇನ್ನೆಂಥ ಸ್ವರ ಬಂದೀತು?"

"ಗೊರ್ ಎಂದದ್ದು ನಾನಲ್ಲ," ಎಂದಿತು ಗಿಟಾರ್. "ನೀನು ನಡುವಿನಿಂದ ಎದ್ದು ನೋಡು. ಆಮೇಲೂ ಸದ್ದು ಬಂದರೆ ನನ್ನನ್ನು ಸೌದೆಗೆ ಹಾಕಲಿ."

"ನನ್ನನ್ನು ಎಬ್ಬಿಸುವವರು ಯಾರು? ನನ್ನ ಬೆಲೆ ಕೇಳಿದವರು ನನ್ನ ಮೇಲೆ ಅನುಮಾನ ಪಡುವುದಿಲ್ಲ."

"ತುಳಿಸಿಕೊಂಡೇ ಬದುಕುವ ನೀನು ತಲೆ ತಗ್ಗಿಸು. ನಾನಂತೂ ತಗ್ಗಿಸುವುದಿಲ್ಲ."

ಅಷ್ಟರಲ್ಲಿ ಗಿಟಾರ್ ಕೊಳ್ಳಲು ಐರಿನ್ ಟೀಚರ್ ಬಂದರು. ಪೆಡಲನ್ನು ನೋಡಿ, "ನಡುವೆ ಇದೆಲ್ಲ ಯಾಕೆ ಮಾರಾಯ್ರೆ? ಗಿಟಾರಿನ ಸ್ವರ ಮಾತ್ರ ಕೇಳುವ," ಎಂದು ಗಿಟಾರಿನ ವೈರನ್ನು ಪೆಡಲಿನಿಂದ ಕಿತ್ತು ನೇರ ಆಂಪ್ಲಿಫೈಯರಿಗೆ ಸಿಕ್ಕಿಸಿದರು.

ಗಿಟಾರ್ ಆರೂ ತಂತಿಗಳಲ್ಲಿ ದನಿ ಎತ್ತಿ ಹಾಡಿತು. ಟೀಚರ್ ಕೈ ನಿಲ್ಲಿಸಿದಾಗ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಲ್ಯಾನ್ಸಿ ಪೆಡಲನ್ನು ಮತ್ತೆ ನಡುವೆ ಸೇರಿಸಿದ: ಗೊರ್. ತೆಗೆದ: ಸದ್ದಿಲ್ಲ. ಮೂರು ಸಲ ಹಾಗೆಯೇ ಮಾಡಿ ನೋಡಿದ.

"ಬೇಜಾರು ಮಾಡಬೇಡಿ ಟೀಚರ್, ಗಿಟಾರ್ ಕೊಡುವುದಿಲ್ಲ," ಎಂದು ಪೆಡಲನ್ನು ರಿಪೇರಿಯ ಚೀಲಕ್ಕೆ ಹಾಕಿದ.

"ಏನಯ್ಯ," ಎಂದಿತು ಗಿಟಾರ್ ಚೀಲದೊಳಗಿನ ಪೆಡಲಿಗೆ, "ಈಗ ಸದ್ದೇ ಇಲ್ಲವಲ್ಲ?"