ಮೂರನೇ ಹಂತದವರ ಊಟ

ಊರಿನ ಹಾಲಿನ ಡೇರಿಗೆ ಹೊಸ ಕಂಪ್ಯೂಟರ್ ಬರುವುದಿತ್ತು. ಅದರಲ್ಲಿ ಏನೇನಿರಬೇಕೆಂದು ಗೊತ್ತುಮಾಡಲು ತಿರುಮಲೇಗೌಡರು ಕಾರಿನಲ್ಲಿ ಬಂದಿಳಿದರು. ಯಾರಿಗೆ ಏನು ಬೇಕೆಂದು ಕೇಳಿ ತಿಳಿಯುವುದರಲ್ಲೇ ಮೂರು ಹಂತದ ಸರ್ಟಿಫಿಕೇಟು ಪಡೆದವರು. ಬಂದವರೇ ಮೂರನ್ನೂ ಮೇಜಿನ ಮೇಲೆ ಹರಡಿದರು.

ಹದಿನೆಂಟು ವರ್ಷದಿಂದ ಅಲ್ಲಿ ಹಾಲು ಅಳೆಯುವ ಪುಟ್ಟತಾಯಮ್ಮ ಅವರು ಬರೆಯುತ್ತಿದ್ದ ಪಟ್ಟಿ ಇಣುಕಿ ನೋಡಿದಳು. "ಸಾರ್, ಎಮ್ಮೆ ಹಾಲು ಗಟ್ಟಿ. ಅದಕ್ಕೆ ಬೇರೆ ಕಾಲಂ ಬೇಕು. ಇಲ್ಲದಿದ್ರೆ ಎಮ್ಮೆ ಸಾಕಿದೋರು ದಿನಾ ಬೆಳಿಗ್ಗೆ ನನ್ನ ಜೀವ ತಿಂತಾರೆ."

"ನಿಮ್ಮದು ಯಾವ ಹಂತ?" ಎಂದರು ಗೌಡರು. "ಒಂದನೇ ಹಂತವೂ ಇಲ್ಲದವರು ಇದಕ್ಕೆಲ್ಲ ಬಾಯಿ ಹಾಕಬಾರದಮ್ಮ. ಹೋಗಿ ಊಟಕ್ಕೆ ನೋಡಿ."

ಅವತ್ತಿನ ಅಡುಗೆಯೂ ಅವಳದೇ. ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ಹೋದಳು.

ಮಧ್ಯಾಹ್ನ ಗೌಡರ ತಟ್ಟೆಗೆ ಮುದ್ದೆ ಇಟ್ಟು, ಪಕ್ಕದಲ್ಲಿ ಘಮಘಮ ಕೋಳಿ ಸಾರು ಬಿಟ್ಟಳು. ಗೌಡರು ಹಾವು ಕಂಡವರಂತೆ ಎದ್ದರು.

"ಇವತ್ತು ಶನಿವಾರ ಕಣಮ್ಮ! ಶನಿವಾರ ನಾನು ಬಾಡು ಮುಟ್ಟಲ್ಲ. ಒಂದು ಮಾತು ಕೇಳಬಾರದಿತ್ತಾ?"

"ಏನು ಬೇಕು ಅಂತ ಕೇಳೋಕೆ ನಂಗೆ ಸರ್ಟಿಫಿಕೇಟು ಇಲ್ವಲ್ಲ ಸಾರ್."

"ನನ್ನ ಡ್ರೈವರ್‌ಗಾದ್ರೂ ಗೊತ್ತಿತ್ತಲ್ಲ!"

"ನಾನು ಕೇಳದೇ ಇದ್ರೂ ಅವನೇ ಬಂದು ಹೇಳ್ದ ಸಾರ್. ಆದ್ರೆ ಪಾಪ, ಅವನಿಗೂ ಸರ್ಟಿಫಿಕೇಟಿಲ್ಲ. ಹೆಂಗೆ ನಂಬೋದು?"

ಪಂಕ್ತಿಯಲ್ಲಿದ್ದ ಡೇರಿಯವರೆಲ್ಲ ಮುದ್ದೆ ನುಂಗುವುದನ್ನೇ ಮರೆತರು. ಪುಟ್ಟತಾಯಮ್ಮ ತಟ್ಟೆ ಬದಲಿಸಿ, ಡ್ರೈವರ್ ಹೇಳಿದಾಗಲೇ ಬೇರೆ ಮಾಡಿಟ್ಟಿದ್ದ ಸೊಪ್ಪಿನ ಸಾರು ತಂದು ಬಡಿಸಿದಳು.

ಗೌಡರು ತಲೆ ತಗ್ಗಿಸಿ ಎರಡು ತುತ್ತು ನುಂಗಿದರು. ಆಮೇಲೆ ಎಡಗೈಯಲ್ಲೇ ಜೇಬಿನಿಂದ ಪೆನ್ನು ತೆಗೆದರು.

"ಆ ಎಮ್ಮೆ ವಿಷಯ ಏನೋ ಅಂದ್ರಲ್ಲ... ಇನ್ನೊಂದ್ಸಲ ಹೇಳಿ ತಾಯಿ."