ನಂದಿಯಿಲ್ಲದ ನಂದೇ ಬಂಡೆ

ಬೊಮ್ಮನದುರ್ಗದ ಬೆಟ್ಟ ಹತ್ತುವಾಗ, ಕೋಟೆಯ ಮೊದಲ ಬಾಗಿಲಿಗೆ ಮುಂಚೆ, ಕೋಣದ ಗಾತ್ರದ ಬಂಡೆಯೊಂದು ದಾರಿಗೆ ಅಡ್ಡ ಕುಳಿತಿದೆ. ಪಕ್ಕದ ಫಲಕದಲ್ಲಿ 'ನಂದಿ ಬಂಡೆ' ಎಂದು ಬರೆದಿದೆ. ಬಂದವರು ಪಾಪ, ಕೊಂಬೆಲ್ಲಿ, ಬಾಲವೆಲ್ಲಿ ಎಂದು ಸುತ್ತು ಹೊಡೆಯುತ್ತಾರೆ. ಒಂದು ಕಡೆ ನುಣುಪಾಗಿರುವುದನ್ನೇ ಮೂತಿ ಎಂದುಕೊಂಡು ಹೂವೇರಿಸಿ ಕೈಮುಗಿಯುತ್ತಾರೆ. ಅಯ್ಯೋ, ಅಲ್ಲಿ ನಂದಿಯೂ ಇಲ್ಲ, ಅದರ ಕರುವೂ ಇಲ್ಲ! ಊರ ಹಿರಿಯರ ಬಾಯಲ್ಲಿ ಅದು 'ನಂದೇ ಬಂಡೆ'.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ದುರ್ಗದ ಸೇನೆಗೆಲ್ಲ ಹಿರಿಯನಾಗಿ ಗಾದ್ರಿನಾಯಕನೆಂಬ ದಳವಾಯಿ ಇದ್ದನಂತೆ. ಗಂಡೆದೆಯವನು, ಆದರೆ ಮೂಗಿನ ತುದಿಯಲ್ಲೇ ಕೋಪ. ಶತ್ರು ಬಂದರೆ ಉರುಳಿಸಲೆಂದು ಕೋಟೆಯಂಚಿನಲ್ಲಿ ಬಂಡೆಗಳನ್ನು ಗೂಟ ಕೊಟ್ಟು ನಿಲ್ಲಿಸಿರುತ್ತಿದ್ದರು. 'ಮೊದಲು ಆಳು ಕಳಿಸಿ ನೋಡು, ಆಮೇಲೆ ಗೂಟ ಕೀಳು' ಎಂಬ ಕಟ್ಟಳೆ ಮಾಡಿದವನೂ ಅವನೇ. ಒಂದು ಬೆಳಿಗ್ಗೆ ಕೆಳಗೆ ಧೂಳೆದ್ದಿತು, ಡೊಳ್ಳು ಕೇಳಿಸಿತು. ಕಹಳೆ ಊದುವ ಆಳು ತಿಪ್ಪ, "ಓಡಿಹೋಗಿ ನೋಡಿಬರಲಾ, ಬುದ್ಧಿ?" ಎಂದ. "ನೋಡೋದೇನೋ? ಊದೋ ಕಹಳೆ! ಕೀಳ್ರೋ ಗೂಟ!" ಎಂದು ದಳವಾಯಿ ಗುಡುಗಿದ. ಬಂಡೆ ಉರುಳಿ ಈ ದಾರಿಗೇ ಬಂದು ಬಿತ್ತು. ಬಂದವರೋ, ದೊರೆಯ ಮಗನಿಗೆ ಹೆಣ್ಣು ಕೊಡುವ ಮಾತಿಗೆ ಡೊಳ್ಳು ಬಡಿಸಿಕೊಂಡು ಬಂದ ಬೀಗರು! ದೇವರು ದೊಡ್ಡವನು, ಜನವೂ ಎತ್ತೂ ಉಳಿದವು. ಗಾಡಿ ಮಾತ್ರ ಪುಡಿಪುಡಿಯಾಗಿ, ತುಪ್ಪದ ಕೊಡ ಸಿಡಿದು, ಹಿರಿಯ ಬೀಗರು ಪೇಟದಿಂದ ಜೋಡಿನವರೆಗೆ ತುಪ್ಪದಲ್ಲೇ ಮಿಂದರಂತೆ.

ದೊರೆ ಬೆಟ್ಟವಿಳಿದು ಬಂದು ಬಂಡೆಯ ಮುಂದೆಯೇ ನಿಂತ. "ಯಾರ ತಪ್ಪಿದು? ಅವನ ಕೈ ಕಡಿಸುತ್ತೇನೆ!" ಎಂದು ಗರ್ಜಿಸಿದ. ಸರದಾರರು ಮುಖ ಮುಖ ನೋಡಿಕೊಂಡು, "ತಿಪ್ಪ ಕಹಳೆ ತಪ್ಪಾಗಿ ಊದಿದ, ದೊರೆಯೇ" ಎಂದುಬಿಟ್ಟರು. ತಿಪ್ಪ ಕಹಳೆ ಹಿಡಿದುಕೊಂಡೇ ಮುಂದೆ ಬಂದು ತಲೆ ತಗ್ಗಿಸಿ ನಿಂತ. ಗಾದ್ರಿನಾಯಕನಿಗೆ ಒಂದು ಗಳಿಗೆ ಹಾಯೆನಿಸಿದ್ದು ನಿಜ ಎನ್ನುತ್ತಾರೆ. ಸುಮ್ಮನಿದ್ದರೆ ಸಾಕು, ಕತ್ತಿಯೂ ಉಳಿಯುತ್ತದೆ, ಮೀಸೆಯೂ ಉಳಿಯುತ್ತದೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೇ? ಕಹಳೆ ಹಿಡಿದ ತಿಪ್ಪನ ಕೈ ನೋಡಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅರಮನೆಯ ನಯದ ಮಾತೆಲ್ಲ ಮರೆತು, ಬಂಡೆಯ ಮೇಲೆ ಬಲಗೈಯಿಟ್ಟು, "ತಪ್ಪು ನಂದೇ, ದೊರೆ. ನೋಡಿಬರ್ತೀನಿ ಅಂದ ಅವನು, ಬಿಡದೆ ಹೋದವನು ನಾನು. ಕಡಿಯೋದಾದ್ರೆ ಈ ಕೈ ಕಡೀರಿ" ಎಂದ.

ಆಗ ಹಿರಿಯ ಬೀಗರು ಮೀಸೆಯ ತುಪ್ಪ ಒರೆಸಿಕೊಳ್ಳುತ್ತಾ ಹೋ ಎಂದು ನಕ್ಕರು. "ನಮ್ಮಲ್ಲೂ ದಳವಾಯಿಗಳಿದ್ದಾರೆ ದೊರೆ, ಗೆದ್ದರೆ ನಂದು, ಸೋತರೆ ಆಳಿಂದು ಅನ್ನೋರು. ಇಂಥವನಿರೋ ಮನೆಗೆ ಕಣ್ಣುಮುಚ್ಚಿ ಹೆಣ್ಣು ಕೊಡ್ತೀನಿ. ಮದುವೆಯ ತುಪ್ಪ ಮಾತ್ರ ನಿಮ್ಮದೇ!" ಕೈ ಉಳಿಯಿತು. ಹಾಗೆಂದು ಶಿಕ್ಷೆ ತಪ್ಪಲಿಲ್ಲ. ಮದುವೆ ಮುಗಿಯುವವರೆಗೆ ದಳವಾಯಿ ಕತ್ತಿ ಬಿಚ್ಚಿಟ್ಟು, ಬೀಗರ ಪಂಕ್ತಿಗೆ ತಾನೇ ತುಪ್ಪ ಬಡಿಸಬೇಕಾಯಿತಂತೆ.

ಅಂದಿನಿಂದ ಈ ದುರ್ಗದಲ್ಲಿ ದಳವಾಯಿಯಾಗುವವನು ಬಂಡೆಯ ಮೇಲೆ ಕೈಯಿಟ್ಟು "ನಂದೇ" ಎಂದ ಮೇಲೆಯೇ ಕತ್ತಿ ಹಿಡಿಯುತ್ತಿದ್ದನು ಎನ್ನುತ್ತಾರೆ. ಜನ ಮೂತಿ ಎಂದು ಹೂವೇರಿಸುವ ಆ ನುಣುಪು, ಕೈಯಿಟ್ಟು ಕೈಯಿಟ್ಟು ಸವೆದ ಜಾಗ. ಫಲಕದಲ್ಲಿ 'ನಂದಿ' ಎಂದು ತಪ್ಪು ಬರೆಸಿದವರು ಯಾರೆಂದು ಮಾತ್ರ ಕೇಳಬೇಡಿ. ಊರವರಿಗೆ ಕೇಳಿ ಕೇಳಿ ಸಾಕಾಗಿದೆ. "ನಂದೇ" ಎಂದವರು ಇದುವರೆಗೆ ಒಬ್ಬರೂ ಇಲ್ಲ.